ಬೈಂಡರ್ ಮಾವ ಕಟ್ಟಿದ ಪೆಟ್ಟಿಗೆ

ನಮ್ಮ ಸೋದರಮಾವ ಮೈಸೂರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡಿಕೊಂಡಿದ್ದವರು. ಬೀದಿಗೆಲ್ಲ ಅವರು ಬೈಂಡರ್ ಮಾವನೇ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆದರೂ ಯಾರ ಮನೆಗೆ ಹೋಗಲಿ, ಮೊದಲು ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ಸವರುತ್ತಾರೆ. ಹೊಲಿಗೆಯಿಲ್ಲದೆ ಬರೀ ಅಂಟು ಮೆತ್ತಿದ ಪುಸ್ತಕವೇನಾದರೂ ಕೈಗೆ ಸಿಕ್ಕಿತೋ, ಆ ಮನೆಯ ಕಾಫಿ ಅವರಿಗೆ ರುಚಿಸುವುದಿಲ್ಲ.

ಒಂದು ಆಷಾಢದಲ್ಲಿ ನಡೆದದ್ದು ಇದು. ಯಾವ ವರ್ಷದ ಆಷಾಢ ಎಂದು ಕೇಳಬೇಡಿ. ಜಿಟಿಜಿಟಿ ಮಳೆ ಹಿಡಿದಿತ್ತು, ಹಗ್ಗದ ಮೇಲಿನ ಪಂಚೆ ಎರಡು ದಿನವಾದರೂ ಒಣಗುತ್ತಿರಲಿಲ್ಲ, ಅತ್ತೆ ಶುಕ್ರವಾರ ಬೆಟ್ಟಕ್ಕೆ ಹೋಗಿ ಬಂದು ಕಾಲು ನೋವೆಂದು ಗೊಣಗುತ್ತಿದ್ದರು. ಇಷ್ಟು ನೆನಪಿದೆ. ಆ ಮಳೆಯಲ್ಲೇ ನಮ್ಮಕ್ಕನ ಮಗಳು ಬೆಂಗಳೂರಿನಿಂದ ಬಂದಿಳಿದಳು. ಕಂಪ್ಯೂಟರ್ ಕೆಲಸದ ಹುಡುಗಿ. ಬ್ಯಾಗಿನಿಂದ ಒಂದು ಕಟ್ಟು ಎಲೆ ತೆಗೆದು ಜಗಲಿಯ ಮೇಲಿಟ್ಟು, "ತಾತ, ಇದಕ್ಕೊಂದು ಚೆಂದದ ಪೆಟ್ಟಿಗೆ ಮಾಡಿಕೊಡ್ತೀರಾ?" ಅಂದಳು.

ಅವು ಟ್ಯಾರೋ ಎಲೆಗಳು. ಅಂಗಡಿಯಿಂದ ಬಂದ ಕಾಗದದ ಡಬ್ಬಿ ಮೂಲೆಯೆಲ್ಲ ಹರಿದು, ರಬ್ಬರ್ ಬ್ಯಾಂಡಿನಲ್ಲಿ ಜೀವ ಹಿಡಿದುಕೊಂಡಿತ್ತು. ದಾರಿಯಲ್ಲಿ ಚನ್ನಪಟ್ಟಣದಲ್ಲೂ ಇಳಿದು ವಿಚಾರಿಸಿದ್ದಳಂತೆ. ಹಾಲೆ ಮರಕ್ಕೆ ಬಣ್ಣದ ಅರಗು ಹಿಡಿದು, ತಾಳೆ ಎಲೆಯಲ್ಲಿ ಉಜ್ಜಿ ಹೊಳಪು ಬರಿಸುತ್ತಾರಲ್ಲ, ಅಂಥದ್ದೇ ಬೇಕೆಂದು ಆಸೆ. ಆದರೆ ತಿರುಗುವ ಯಂತ್ರಕ್ಕೆ ಗೊತ್ತಿರುವುದು ದುಂಡು ಒಂದೇ. 7 ಸೆಂಟಿಮೀಟರ್ ಅಗಲ, 12 ಉದ್ದದ ಎಲೆ ದುಂಡು ಡಬ್ಬಿಯಲ್ಲಿ ಮಲಗಬೇಕಾದರೆ ಒಳಗಿನ ಅಗಲವೇ 14 ಬೇಕು. ಸುತ್ತಲೂ ಖಾಲಿ ಜಾಗ, ನಡುವೆ ಎಲೆ. ಅದರಲ್ಲಿ ಹುರಿಗಾಳು ತುಂಬಿಡಬಹುದು ಅಷ್ಟೇ ಎಂದು ಹೇಳಿ ಕಳಿಸಿದರಂತೆ.

ಅತ್ತೆ ಒಳಗಿಂದಲೇ ಕೇಳಿಸಿಕೊಂಡರು. "ಇಸ್ಪೀಟೆಲೆನಾ? ಆಷಾಢದಲ್ಲಿ ಬೇರೆ!" ಅವರ ತವರಿನಲ್ಲಿ ಯಾರೋ ಇಸ್ಪೀಟಿನಲ್ಲಿ ಅಡಿಕೆ ತೋಟ ಕಳೆದಿದ್ದರು. ಚಿಕ್ಕಪ್ಪನೋ ದೊಡ್ಡಪ್ಪನೋ, ಅತ್ತೆ ಒಂದೊಂದು ಸಲ ಒಂದೊಂದು ಹೇಳುತ್ತಾರೆ. ಹುಡುಗಿ, "ಇದು ಭವಿಷ್ಯ ನೋಡೋ ಎಲೆ ಅಜ್ಜಿ" ಅಂದದ್ದಕ್ಕೆ, "ಗಿಣಿ ಎಲ್ಲಿ ಹಾಗಾದ್ರೆ?" ಎಂದು ಕೇಳಿಬಿಟ್ಟರು.

ಆದರೂ ಕುತೂಹಲ ಬಿಡಬೇಕಲ್ಲ. ಹಲಸಿನ ಹಪ್ಪಳದ ತಟ್ಟೆ ಹಿಡಿದು ಬಂದವರು ಅಲ್ಲೇ ಕೂತರು. ಎಣ್ಣೆಗೈಯಲ್ಲಿ ಮುಟ್ಟಬೇಡಿ ಎಂದು ಮಾವ ಗದರಿದ್ದರಿಂದ ಹುಡುಗಿ ಒಂದೊಂದೇ ಎಲೆ ಎತ್ತಿ ತೋರಿಸಿದಳು. ಒಟ್ಟು 78. ಅದರಲ್ಲಿ 22 ದೊಡ್ಡವು, ಉಳಿದ 56 ನಮ್ಮ ಇಸ್ಪೀಟಿನ ದಾಯಾದಿಗಳು, ನಾಲ್ಕು ಪಂಗಡ. ಸಾವಿನ ಎಲೆ ಬಂತು. ಬಿಳಿ ಕುದುರೆಯ ಮೇಲೆ ಕರಿಯ ಕವಚ ತೊಟ್ಟ ಅಸ್ಥಿಪಂಜರ. ಅತ್ತೆ ಹೆದರಲಿಲ್ಲ. "ಯಮನಿಗೆ ಕುದುರೆ ಯಾಕೆ? ಕೋಣ ಏನಾಯ್ತು?" ಅಂದರು. ಒಂದು ಕಾಲಿಗೆ ಕಟ್ಟಿ ತಲೆಕೆಳಗಾಗಿ ತೂಗುಬಿಟ್ಟವನನ್ನು ಕಂಡು, "ಮುಖ ನೋಡು ಎಷ್ಟು ಶಾಂತ. ಯಾರೋ ತಪಸ್ಸು ಮಾಡ್ತಿದಾನೆ" ಎಂದು ತೀರ್ಪು ಕೊಟ್ಟರು. ಹೆಗಲ ಕೋಲಿಗೆ ಗಂಟು ಸಿಕ್ಕಿಸಿಕೊಂಡು ಬಂಡೆಯಂಚಿಗೆ ಹೊರಟ ಹುಡುಗ, ಜೊತೆಗೊಂದು ನಾಯಿ. ಅವನನ್ನು ನೋಡಿ ಮಾತ್ರ, "ಅಯ್ಯೋ, ಯಾರಾದ್ರೂ ಕೂಗಿ ಹೇಳ್ರೋ" ಎಂದು ನಿಜಕ್ಕೂ ಕಳವಳಪಟ್ಟರು.

ಇದು ಇಟಲಿಯಲ್ಲಿ 15ನೇ ಶತಮಾನದಲ್ಲಿ ಬರೀ ಆಟವಾಗಿ ಹುಟ್ಟಿದ್ದು, ಭವಿಷ್ಯದ ನಂಟು ಜೋರಾಗಿ ಅಂಟಿದ್ದು 18ನೇ ಶತಮಾನದ ಪ್ಯಾರಿಸ್ಸಿನಲ್ಲಿ, ಈ ಚಿತ್ರಗಳನ್ನು ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಬರೆದದ್ದು, ಅವು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು ಎಂದೆಲ್ಲ ಹುಡುಗಿ ಹೇಳಿದಳು. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಬರೆದವಳಿಗೆ ಸರಿಯಾಗಿ ದುಡ್ಡು ಕೊಟ್ಟರಾ?" ಕೆಲಸ ದೊಡ್ಡದು, ಸಿಕ್ಕಿದ ದುಡ್ಡು ಸಣ್ಣದು ಎಂದು ಆಕೆಯೇ ಕಾಗದ ಬರೆದಿದ್ದಳಂತೆ. ಮಾವ ಒಂದು ನಿಟ್ಟುಸಿರುಬಿಟ್ಟು ಅಳತೆಪಟ್ಟಿ ತರಲು ಒಳಗೆ ಹೋದರು.

ಎಲೆಗೆ ಪೆಟ್ಟಿಗೆ ಮಾಡುವುದು ನಮ್ಮವರಿಗೇನೂ ಹೊಸದಲ್ಲ. ಗಂಜೀಫಾ ಆಡುತ್ತಿದ್ದ ಕಾಲದಲ್ಲಿ ಕೈಯಲ್ಲಿ ಬರೆದ ದುಂಡೆಲೆಗಳಿಗೆ ಜಾರುಮುಚ್ಚಳದ ಮರದ ಪೆಟ್ಟಿಗೆ ಇರುತ್ತಿತ್ತು, ಅದರ ಮೈಮೇಲೂ ಚಿತ್ತಾರ. ದಶಾವತಾರದ ಕಟ್ಟೆಂದರೆ 120 ಎಲೆ, ಒಂದೊಂದು ಅವತಾರಕ್ಕೆ 12. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅದೂ ಸಾಲದೆ ಚಾಮುಂಡೇಶ್ವರಿಯ ಹೆಸರಿನಲ್ಲಿ 320 ಎಲೆಯ ಆಟ ಕಟ್ಟಿದರು. ಅಷ್ಟನ್ನು ಕೈಯಲ್ಲಿ ಹೇಗೆ ಹಿಡಿಯುತ್ತಿದ್ದರೋ! ಅರಮನೆಯಲ್ಲಿ ಪುರುಸೊತ್ತು ಜಾಸ್ತಿ ಇತ್ತೆಂದೇ ನನ್ನ ಲೆಕ್ಕ.

ಇರಲಿ, ಪೆಟ್ಟಿಗೆಯ ವಿಷಯಕ್ಕೆ ಬರೋಣ. ಹೊದಿಕೆಗೆ ಏನು ಎಂಬ ಮಾತು ಬಂದಾಗ, ಈ ಎಲೆಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಡುವ ರೂಢಿ ಇದೆಯೆಂದು ಹುಡುಗಿ ಬಾಯಿಬಿಟ್ಟಳು. ಅತ್ತೆಯ ಮುಖ ತಟ್ಟನೆ ಬೇರೆಯಾಯಿತು. "ರೇಷ್ಮೆಯಲ್ಲಾ? ಹಾಗಾದ್ರೆ ಮಡಿಗೆ ಬರುತ್ತೆ." ರೇಷ್ಮೆಗೆ ಮೈಲಿಗೆ ತಾಗುವುದಿಲ್ಲವಲ್ಲ. ಒಳಗಿನ ಇಸ್ಪೀಟು ಒಳಗೆ, ಹೊರಗಿನ ಸಂಸಾರ ಹೊರಗೆ. ಟ್ರಂಕಿನಿಂದ ಮಡಿಕೆಯಲ್ಲೇ ಸೀಳಿಹೋಗಿದ್ದ ಬದನೆಕಾಯಿ ಬಣ್ಣದ ಸೀರೆ ಹೊರಬಂತು. ಜರಿ ಇನ್ನೂ ಮಿರಮಿರ ಎನ್ನುತ್ತಿತ್ತು.

ರೇಷ್ಮೆಗೆ ನೇರವಾಗಿ ಅಂಟು ಹಚ್ಚಿದರೆ ಎಳೆಗಳ ಸಂದಿನಿಂದ ಅಂಟು ಮೇಲೆದ್ದು ಕಲೆ ಮಾಡುತ್ತದೆ. ಅದಕ್ಕೆ ಮಾವ ಮೊದಲು ಬಟ್ಟೆಯ ಬೆನ್ನಿಗೆ ತೆಳು ಕಾಗದ ಕೊಟ್ಟರು. ಅಂಟು ಅತ್ತೆಯ ಒಲೆಯಲ್ಲೇ ಕುದಿದದ್ದು: ಮೈದಾ, ನೀರು, ಹುಳು ಬೀಳದ ಹಾಗೆ ಚಿಟಿಕೆ ಮೈಲುತುತ್ತ. ಮೂಲೆ ಕೂಡಿಸಲು ಫೆವಿಕಾಲ್ ಆದೀತು, ಬಟ್ಟೆಗೆ ಮಾತ್ರ ಮೈದಾವೇ, ಬೇಗ ಹಿಡಿಯುವುದಿಲ್ಲ, ಒಂಚೂರು ಸರಿಸಿಕೊಳ್ಳೋಕೆ ಬಿಡುತ್ತೆ ಎಂಬುದು ಅವರ ವಾದ. ಮೈಲುತುತ್ತ ವಿಷವಾದ್ದರಿಂದ ಆ ಪಾತ್ರೆ ಮತ್ತೆ ಅಡುಗೆಮನೆಗೆ ಸೇರಲಿಲ್ಲ. ಅದರ ಬಗ್ಗೆ ಈಗಲೂ ಮಾತು ನಡೆಯುತ್ತದೆ.

ಒಂದು ಮೈಗೆ ಬಟ್ಟೆ ಅಂಟಿಸಿದ ರಟ್ಟು ಒಣಗುತ್ತ ಆ ಕಡೆಗೇ ಬಾಗುತ್ತದೆ. ಒಳಮೈಗೂ ಕಾಗದ ಅಂಟಿಸಿದರೆ ಎರಡು ಕಡೆಯ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ. ಆ ಕಾಗದದ ಎಳೆ ಎತ್ತ ಓಡಿದೆ ಎಂದು ಒಂದು ತುಂಡು ಒದ್ದೆ ಮಾಡಿ, ಸುರುಳಿ ಸುತ್ತುವ ದಿಕ್ಕು ನೋಡಿ ಹೇಳುತ್ತಿದ್ದರು. ಆದರೆ ಆಷಾಢ. ಏನು ಮಾಡಿದರೂ ಒಣಗದು. ಅವರ ಕಬ್ಬಿಣದ ಒತ್ತುಯಂತ್ರ ಅಂಗಡಿಯ ಜೊತೆಗೇ ಹೋಗಿತ್ತು. ನಡುವೆ ಹಳೇ ಪತ್ರಿಕೆ ಬದಲಾಯಿಸುತ್ತ, ಮೇಲೆ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟೂ ಸಂಪುಟ ಹೇರಿದರು. ಆ ನಿಘಂಟು ನಮ್ಮ ಮನೆತನಕ್ಕೆ ಅಷ್ಟು ಉಪಯೋಗಕ್ಕೆ ಬಂದದ್ದು ಆಗಲೇ. ಹುಡುಗಿ ರಜೆ ಮುಂದುವರಿಸಿದಳು. ಮೆಣಸಿನ ಸಾರು, ಸುಟ್ಟ ಹಪ್ಪಳ, ಮಧ್ಯಾಹ್ನದ ನಿದ್ದೆ, ಸಂಜೆ ಅಂಬೊಡೆ. ಎಲೆ ಹಾಕಿ ಅತ್ತೆಯ ಮಂಡಿನೋವಿನ ಭವಿಷ್ಯವನ್ನೂ ನೋಡಿದಳು. ಏನು ಬಂತೋ ಮರೆತಿದ್ದೇನೆ, ಅತ್ತೆಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

ಕಡೆಗೊಂದು ಬೆಳಿಗ್ಗೆ ಮಾವ ಪೆಟ್ಟಿಗೆ ಜೋಡಿಸಿದರು. ಮುಚ್ಚಳವನ್ನು ಅಳೆಯುವಾಗ ಬಟ್ಟೆಯ ದಪ್ಪ ಎರಡೆರಡು ಕಡೆ ಸೇರಿಸಬೇಕು, ಮರೆತವನ ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅಂಚಿನಲ್ಲಿ ಹೆಬ್ಬೆರಳಿಗೆ ಅರ್ಧಚಂದ್ರದ ಕಚ್ಚು, ತಳದಲ್ಲೊಂದು ಲಾಡಿ, ಎಳೆದರೆ ಕಟ್ಟಿಗೆ ಕಟ್ಟೇ ಮೇಲೆದ್ದು ಬರುವ ಹಾಗೆ. ಮೇಲ್ಮೈಯಲ್ಲಿ ಜರಿಯ ಅಂಚು ಒಂದೇ ಗೆರೆ. ಚಂದ್ರ, ನಕ್ಷತ್ರ ಅಂಟಿಸಿ ಎಂದು ಹುಡುಗಿ ಕೇಳಿದ್ದಳು, ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಸರಿಯೇ ಎಂದು ನನ್ನ ಎಣಿಕೆ. ಒಳಗಿನ 78 ಎಲೆಯಲ್ಲಿ ಬೇಕಾದಷ್ಟು ಚಿತ್ರವಿದೆ. ಮುಚ್ಚಳವನ್ನು ಮೇಲಿಟ್ಟು ಕೈಬಿಟ್ಟರೆ, ಒಳಗಿನ ಗಾಳಿ ಹೊರಬರುತ್ತಿದ್ದಂತೆ ಅದು ತಾನಾಗಿ ನಿಧಾನ ಇಳಿಯಿತು. ಮಾವ ನಾಲ್ಕಾರು ಸಲ ಬಿಟ್ಟು ನೋಡಿದರು. ಆ ಹೊತ್ತಿಗೆ ಯಾರು ಮಾತಾಡಿಸಿದರೂ ಉತ್ತರ ಬರುತ್ತಿರಲಿಲ್ಲ.

ಆಮೇಲೆ ಬಿಲ್ ಪುಸ್ತಕ ತೆಗೆದರು. ಮೊಮ್ಮಗಳ ಹತ್ತಿರ ದುಡ್ಡೇ ಎಂದು ನಾನು ಬಾಯಿ ಹಾಕಿದ್ದಕ್ಕೆ, "ಆ ಲಂಡನ್ ಹೆಂಗಸಿನ ಕಥೆ ನನಗೆ ಬೇಡ" ಅಂದರು. ರಟ್ಟು, ತೆಳು ಕಾಗದ, ಲಾಡಿ, ಅರ್ಧ ಪಾವು ಮೈದಾ, ಕೂಲಿ. ಅತ್ತೆ ಕನ್ನಡಕ ಏರಿಸಿ ಓದಿದರು. "ಮೈದಾ ಯಾರದು? ಸೀರೆ ಯಾರದು? ಹಾಳಾದ ಪಾತ್ರೆ ಎಲ್ಲಿ ಬರೆದಿದೀರಿ?" ಮಾವ ತಿದ್ದಿದರು, ಅತ್ತೆ ಮತ್ತೆ ತಿದ್ದಿಸಿದರು. ಹುಡುಗಿಯ ಬಳಿ ನೋಟಿರಲಿಲ್ಲ, ಫೋನಿನಲ್ಲಿ ಕಳಿಸುತ್ತೇನೆಂದಳು. ಮಾವನ ಫೋನು ಗುಂಡಿ ಒತ್ತುವ ಹಳೆಯದು. ಮನೆಯಲ್ಲಿ ಅಂಥ ವ್ಯವಸ್ಥೆಯಿದ್ದದ್ದು ಅತ್ತೆಯ ಫೋನಿನಲ್ಲಿ ಮಾತ್ರ. ಹೀಗಾಗಿ ರಟ್ಟಿನ ದುಡ್ಡು, ಸೀರೆಯ ದುಡ್ಡು, ಮಾವನ ಕೂಲಿ ಎಲ್ಲ ಸೇರಿ ಅವರ ಖಾತೆಗೇ ಜಮಾ ಆಯಿತು. ಕೂಲಿ ಯಾವಾಗ ಕೊಡ್ತೀಯ ಎಂದು ಮಾವ ಈಗಲೂ ಕೇಳುತ್ತಿರುತ್ತಾರೆ. ಆಷಾಢ ಕಳೀಲಿ ಅನ್ನುತ್ತಾರೆ ಅತ್ತೆ.