ಗೊಬ್ಬೂರಿನಲ್ಲಿ ಒಂದು ಪ್ರಹರ

ಶ್ರಾವಣಮಾಸದ ಒಂದು ಗುರುವಾರ ಮಾತೃಶ್ರೀಯವರನ್ನು ಕರೆದುಕೊಂಡು ನಾವು ಕಲಬುರಗಿಯಿಂದ ದೇವಲ ಗಾಣಗಾಪುರಕ್ಕೆ ಹೊರಟಿದ್ದೆವು. ಭೀಮಾ-ಅಮರಜಾ ಸಂಗಮದಲ್ಲಿ ಮಿಂದು, ಶ್ರೀ ನೃಸಿಂಹಸರಸ್ವತೀ ಸ್ವಾಮಿಗಳ ಪಾದುಕೆಗಳ ದರ್ಶನ ಪಡೆದು, ಮಧ್ಯಾಹ್ನದ ಮಧುಕರಿಯ ವೇಳೆಗೆ ಅಲ್ಲಿರಬೇಕೆಂಬುದು ಅವರ ಬಹುದಿನದ ಹಂಬಲ. ವಾಹನವೆಂದರೆ ತೀರ್ಥರೂಪರು ೧೯೯೬ರಲ್ಲಿ ಕೊಂಡ ಮೋಟಾರು. ಅವರು ತೀರಿಕೊಂಡ ಬಳಿಕ ಅದನ್ನು ಮಾರಿಬಿಡಬೇಕೆಂದು ನಾವೂ, ಕೂಡದೆಂದು ಮಾತೃಶ್ರೀಯವರೂ ವಾದಿಸುತ್ತಲೇ ಎರಡು ವರುಷಗಳು ಕಳೆದಿದ್ದವು.

ಊರು ದಾಟಿದೊಡನೆ ಕಪ್ಪನೆಯ ಎರೆಭೂಮಿ. ಕಣ್ಣು ಹಾಯುವವರೆಗೆ ತೊಗರಿಯ ಎಳೆಯ ಪೈರು. ಈ ಸೀಮೆಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಅಫಜಲಪುರ ತಾಲ್ಲೂಕಿನ ಗೊಬ್ಬೂರು ಸಮೀಪಿಸುವಷ್ಟರಲ್ಲಿ ಮಳೆ ಹಿಡಿಯಿತು. ಗಾಜಿನಗುಂಟ ಇಳಿದ ನೀರು ಬಾಗಿಲೊಳಗೆ ಹೊಕ್ಕು, ಹೊರಗೆ ಹೋಗಲು ದಾರಿ ಕಾಣದೆ ಕಾಲಬಳಿ ತುಂಬಿತು. ಮಾತೃಶ್ರೀಯವರ ಮಡಿಬಟ್ಟೆಯ ಗಂಟು ತೊಯ್ದುಹೋಯಿತು. “ನಿಮ್ಮಪ್ಪ ಇದ್ದಾಗ ಹೀಂಗ ಇರ್ಲಿಲ್ಲಪ್ಪ” ಎಂದರು, ಅಷ್ಟೇ.

ರಸ್ತೆಯ ಬದಿಯಲ್ಲಿ ತಗಡಿನ ಮಾಡು, ಶಹಾಬಾದದ ಹಾಸುಗಲ್ಲಿನ ನೆಲ. ಅಲ್ಲೊಬ್ಬ ತರುಣ ಮೇಸ್ತ್ರಿ. ಅವನು ಕಿಟಕಿಯ ಹೊರಗಣ ರಬ್ಬರಿನ ಬೀಡಿಂಗನ್ನು ಉಗುರಿನಿಂದ ಒತ್ತಿ ನೋಡಿದನು. “ಒಣಗಿ ಕಟ್ಟಿಗಿ ಆಗ್ಯಾದ್ರಿ. ಎಣ್ಣಿ ಹಚ್ಚೀರೇನ್ರಿ?” ಹಚ್ಚಿದ್ದೆವು! ಮೃದುವಾಗಲೆಂದು ಸೀಮೆಎಣ್ಣೆಯನ್ನೇ ಸವರಿದ್ದೆವು. ಹೊಸ ಬೀಡಿಂಗು ಕೊಂಡು ಆರು ತಿಂಗಳಾಗಿ, ಅದು ಡಿಕ್ಕಿಯಲ್ಲಿಯೇ ಬಿದ್ದಿದ್ದಿತು.

೧೮೩೯ರಲ್ಲಿ ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಗಂಧಕ ಬೆರೆಸಿ ಕಾಯಿಸಿ ರಬ್ಬರಿಗೆ ಸ್ಥಿರತೆಯನ್ನು ತಂದನು. ಆದರೂ ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಓಜೋನು ಇವು ಅದನ್ನು ಕ್ರಮೇಣ ಬಿರಿಯಿಸುತ್ತವೆ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ಕೇಳಬೇಕೆ? ಬಿರಿದ ಪಟ್ಟಿಯಲ್ಲಿ ಧೂಳು ಸೇರಿ ಗಾಜನ್ನು ಗೀಚುತ್ತದೆ. ನೀರು ಸೇರಿ ಬಾಗಿಲಿನ ತಳವನ್ನು ತುಕ್ಕು ಹಿಡಿಸುತ್ತದೆ. ಹದಿನೈದು ವರುಷ ತುಂಬಿದ ಖಾಸಗಿ ಮೋಟಾರಿನ ನೋಂದಣಿಯನ್ನು ಐದೈದು ವರುಷಕ್ಕೊಮ್ಮೆ ನವೀಕರಿಸಬೇಕು. ಬಾಗಿಲು ಕೊಳೆತರೆ ಆ ಪರೀಕ್ಷೆಯಲ್ಲಿ ಗತಿಯೇನು?

ಮಳೆ ನಿಂತಿತು. ಮೇಸ್ತ್ರಿಯು ಗಾಜನ್ನು ಪೂರ್ಣವಾಗಿ ಇಳಿಸಿ, ಬಣ್ಣ ಕೆಡದಂತೆ ಅಂಚಿಗೆ ಅಂಟುಪಟ್ಟಿ ಹಚ್ಚಿ, ಬಟ್ಟೆ ಸುತ್ತಿದ ತಿರುಪುಳಿಯಿಂದ ಹಳೆಯ ಬೀಡಿಂಗನ್ನು ಒಂದೊಂದೇ ಕ್ಲಿಪ್ಪಿನ ಬಳಿ ಮೆಲ್ಲನೆ ಎಬ್ಬಿಸಿದನು. ಅಂಚಿನ ಮಣ್ಣನ್ನು ಒರಸಿದನು. ಹಳೆಯದರ ಮಗ್ಗುಲಲ್ಲಿ ಹೊಸದನ್ನಿಟ್ಟು ಉದ್ದ ನೋಡಿ, ಸಾಬೂನಿನ ನೀರು ಸವರಿ, ಒಂದು ತುದಿಯಿಂದ ಅಂಗೈಯಲ್ಲಿ ಒತ್ತುತ್ತ ಹೋದನು. ಬಳಿಕ ಬಾಗಿಲಿನ ತಳದ ರಂಧ್ರಗಳಲ್ಲಿ ತಂತಿ ಆಡಿಸಿದನು. ಕಪ್ಪು ಕೆಸರು ಸುರಿಯಿತು. “ಬೀಡಿಂಗ್ ಎಷ್ಟೇ ಛಲೋ ಇದ್ರೂ ಸ್ವಲ್ಪ ನೀರು ಒಳಗ ಹೋಗೇ ಹೋಗ್ತಾದ್ರಿ. ಅದು ಹೊರಗ ಬರೋ ದಾರಿ ಮುಚ್ಚಬಾರದ್ರಿ.” ನಾಲ್ಕು ಬಾಗಿಲುಗಳೂ ಮುಗಿದ ಮೇಲೆ ಒಂದು ಕೊಡ ನೀರು ಹೊಯ್ದು ಪರೀಕ್ಷಿಸಿದೆವು, ಒಳಗೆ ಹನಿಯಿಲ್ಲ.

ಮಧುಕರಿಯ ವೇಳೆ ಮೀರಿಹೋಗಿದ್ದಿತು. ನಾವು ತಲೆ ತಗ್ಗಿಸಿ ಕ್ಷಮೆ ಬೇಡಿದೆವು. ಮಾತೃಶ್ರೀಯವರು ಹಾಸುಗಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ಮೊದಲ ರೊಟ್ಟಿಯನ್ನು ಮೇಸ್ತ್ರಿಯ ಕೈಗಿಟ್ಟರು. “ಇವತ್ತಿನ ಮಧುಕರಿ ಇಲ್ಲೇ ಆತು” ಎಂದು ನಕ್ಕರು. ಸಂಜೆಗೆ ಪಾದುಕೆಗಳ ದರ್ಶನವಾಯಿತು. ಬರುವಾಗ ಮತ್ತೆ ಮಳೆ, ಗಂಟು ತೊಯ್ಯಲಿಲ್ಲ. ಮೋಟಾರನ್ನು ಮಾರುವ ಮಾತನ್ನು ನಾವು ಆಮೇಲೆ ಎತ್ತಿಲ್ಲ.