ಕೇಬಲ್ ಕಿತ್ತಿಟ್ಟ ಡಿಸಿ

ವಿಂಡೋಸ್ ಎನ್‌ಟಿ 4.0 ಕಾಲದಲ್ಲಿ ಡೊಮೇನಿಗೆ ಯಜಮಾನ ಒಬ್ಬನೇ. ಪ್ರೈಮರಿ ಡೊಮೇನ್ ಕಂಟ್ರೋಲರ್, ನಮ್ಮ ಬಾಯಲ್ಲಿ ಪಿಡಿಸಿ. ಹೊಸ ಖಾತೆ, ಪಾಸ್‌ವರ್ಡ್ ಬದಲಾವಣೆ, ಒಬ್ಬರನ್ನು ಗುಂಪಿಗೆ ಸೇರಿಸುವುದು, ಎಲ್ಲವನ್ನೂ ಅದರಲ್ಲೇ ಬರೆಯಬೇಕು. ಬಿಡಿಸಿ ಎನ್ನುವ ಬ್ಯಾಕಪ್ ಕಂಟ್ರೋಲರುಗಳು ಅದರ ನಕಲನ್ನು ಇಟ್ಟುಕೊಂಡು, ಲಾಗಿನ್ ಕೇಳಿದವರಿಗೆ ಹೌದು ಇಲ್ಲ ಅನ್ನುತ್ತಿದ್ದವು, ಅಷ್ಟೆ. ಪಿಡಿಸಿ ಕೆಟ್ಟ ದಿನವೂ ಜನ ಎಂದಿನಂತೆ ಕೆಲಸ ಶುರುಮಾಡುತ್ತಿದ್ದರು. ಪಾಸ್‌ವರ್ಡ್ ಮರೆತವರು ಮಾತ್ರ ಕಾಯಬೇಕಿತ್ತು. ಸರ್ವರ್ ಮ್ಯಾನೇಜರ್ ತೆರೆದು ಒಂದು ಬಿಡಿಸಿಗೆ ಬಡ್ತಿ ಕೊಟ್ಟರೆ ಅದೂ ಸರಿಹೋಗುತ್ತಿತ್ತು. ಬೆಂಗಳೂರಿನ ಸರ್ವರ್ ರೂಮುಗಳಲ್ಲಿ ನಮಗಿದ್ದ ಹೆದರಿಕೆಯೆಲ್ಲ ಯಂತ್ರದ್ದು. ಹಾರ್ಡ್‌ಡಿಸ್ಕ್ ಹೋದೀತು, ಯುಪಿಎಸ್ ಕೈಕೊಟ್ಟೀತು. ಅದಕ್ಕೆ ಮದ್ದು ಇನ್ನೊಂದು ಯಂತ್ರ, ಇನ್ನೊಂದು ನಕಲು.

2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು, ಅದರೊಂದಿಗೆ ಆ್ಯಕ್ಟಿವ್ ಡೈರೆಕ್ಟರಿ. ಯಜಮಾನಿಕೆ ಹಂಚಿಹೋಯಿತು. ಯಾವ ಡೊಮೇನ್ ಕಂಟ್ರೋಲರಿನಲ್ಲಿ, ಅಂದರೆ ಡಿಸಿಯಲ್ಲಿ, ಬೇಕಾದರೂ ಬರೆಯಿರಿ, ಉಳಿದವಕ್ಕೆ ಅದು ತಾನಾಗಿ ತಲುಪುತ್ತದೆ. ಐದು ವಿಶೇಷ ಹೊಣೆಗಳಿಗೆ ಮಾತ್ರ ತಲಾ ಒಂದು ಗೊತ್ತಾದ ಯಂತ್ರ. ಹಳೆಯ ಡೊಮೇನನ್ನು ಇದಕ್ಕೆ ಏರಿಸುವ ಮೊದಲು ಒಂದು ಬಿಡಿಸಿಯನ್ನು ಪೂರ್ತಿ ಸಿಂಕ್ ಮಾಡಿ, ಕೇಬಲ್ ಕಿತ್ತು ಪಕ್ಕಕ್ಕಿಡಬೇಕು ಎಂಬುದು ಬಲ್ಲವರು ಹೇಳಿಕೊಟ್ಟ ಕ್ರಮ. ಅಪ್‌ಗ್ರೇಡ್ ಹಾಳಾದರೆ ಅದನ್ನೇ ಪಿಡಿಸಿ ಮಾಡಿಕೊಂಡು ಹಿಂದಕ್ಕೆ ಹೋಗಬಹುದು. ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ ಆ ಯಂತ್ರ ವಾರಗಟ್ಟಲೆ ರ‍್ಯಾಕಿನ ತಳದಲ್ಲಿ ಕೂತಿರುತ್ತಿತ್ತು. ಅಪ್‌ಗ್ರೇಡ್ ಮುಗಿದ ಮೇಲೆ ಆ ರೂಢಿಯೂ ಹೋಯಿತು. ಎಲ್ಲ ಡಿಸಿಗಳೂ ಒಂದನ್ನೊಂದು ಕಾಯುತ್ತವೆ, ಸಂಪರ್ಕ ತಪ್ಪಿಸಿ ಒಂದನ್ನು ಬೇರೆ ಇಡುವುದೇಕೆ ಎಂಬ ನಂಬಿಕೆ ನಮ್ಮ ಕಸುಬಿನಲ್ಲಿ ಬೇರುಬಿಟ್ಟಿತು.

ಆ ನಂಬಿಕೆ ಪೂರ್ತಿ ಗಟ್ಟಿಯಾಗದಂತೆ ತಡೆದದ್ದು ಲೈನುಗಳ ನಿಧಾನ. ಶಾಖೆಗಳಿಗೆ ಇದ್ದದ್ದು 64 ಕೆಬಿಪಿಎಸ್ ಲೀಸ್ಡ್ ಲೈನು. ಒಂದು ಸೈಟಿನಿಂದ ಇನ್ನೊಂದಕ್ಕೆ ಡೈರೆಕ್ಟರಿಯ ಬದಲಾವಣೆ ಹೋಗುವ ಅಂತರ, ನಾವಾಗಿ ಬದಲಿಸದಿದ್ದರೆ, 180 ನಿಮಿಷ. ಬೆಳಿಗ್ಗೆ ಬೆಂಗಳೂರಿನಲ್ಲಿ ತೆರೆದ ಖಾತೆ ಹುಬ್ಬಳ್ಳಿಯ ಡಿಸಿಗೆ ಮಧ್ಯಾಹ್ನ ಗೊತ್ತಾಗುತ್ತಿತ್ತು. ಹೊಸದಾಗಿ ಸೇರಿದ ಹುಡುಗ ಅಲ್ಲಿಯತನಕ ಸುಮ್ಮನೆ ಕೂತಿರುತ್ತಿದ್ದ.

ಈ ನಿಧಾನವೇ ಒಮ್ಮೆ ಕೈಹಿಡಿಯಿತು. 2004ರ ಸುಮಾರಿಗೆ ನಾನಿದ್ದ ಕಚೇರಿಯಲ್ಲಿ ಮಾರಾಟ ವಿಭಾಗದ ಖಾತೆಗಳೆಲ್ಲ ಇದ್ದ ಓಯು ಒಂದೇ ಕ್ಲಿಕ್ಕಿಗೆ ಅಳಿಸಿಹೋಯಿತು. ಬೆಂಗಳೂರಿನ ಡಿಸಿಗಳು ಕ್ಷಣದಲ್ಲಿ ಅದನ್ನು ಒಪ್ಪಿಕೊಂಡವು. ಹುಬ್ಬಳ್ಳಿಗೆ ಸುದ್ದಿ ಮುಟ್ಟಲು ಇನ್ನೂ ಹೊತ್ತಿತ್ತು. ನಮ್ಮ ಹಿರಿಯ ಸಹೋದ್ಯೋಗಿ ಟೇಪು ಹುಡುಕಲು ಹೋಗಲಿಲ್ಲ, ನೇರ ಫೋನ್ ಎತ್ತಿದರು.

“ಸರ್ವರ್ ಹಿಂದೆ ನೀಲಿ ಕೇಬಲ್ ಇದೆಯಲ್ಲ, ಅದನ್ನ ಕಿತ್ತುಬಿಡಿ. ಯಾಕಂತ ಆಮೇಲೆ ಹೇಳ್ತೀನಿ.”

“ಕಿತ್ತೇನ್ರಿ ಸರ. ಮುಂದೇನ್ ಮಾಡ್ಲಿ?” ಆ ಕಡೆ ಇದ್ದವರು ಅಕೌಂಟ್ಸ್‌ನವರು.

ರೀಸ್ಟಾರ್ಟ್ ಮಾಡಿ ಎಫ್8 ಒತ್ತಿಸಿ, ಡೈರೆಕ್ಟರಿ ರಿಸ್ಟೋರ್ ಮೋಡಿಗೆ ತರಿಸಿದರು. ಅದರ ಪಾಸ್‌ವರ್ಡ್ ಬೇರೆ. ಶಾಖೆಯ ಮ್ಯಾನೇಜರ್ ಅಲ್ಮೆರಾದಲ್ಲಿ ಸೀಲು ಮಾಡಿದ ಕವರಿನಲ್ಲಿತ್ತು. ಕಪ್ಪು ಪರದೆಯಲ್ಲಿ ಎನ್‌ಟಿಡಿಎಸ್‌ಯುಟಿಲ್ ತೆರೆಸಿ, ಓಯುವಿನ ಪೂರ್ತಿ ವಿಳಾಸವನ್ನು ಒಂದೊಂದೇ ಅಕ್ಷರ, ಒಂದೊಂದೇ ಕಾಮಾ ಹೇಳಿ ಟೈಪ್ ಮಾಡಿಸಿದರು. ಆ ಆಜ್ಞೆ ಮಾಡುವುದಿಷ್ಟೆ: ಆ ಖಾತೆಗಳ ಆವೃತ್ತಿ ಸಂಖ್ಯೆಯನ್ನು ದಿನವೊಂದಕ್ಕೆ 1,00,000ದ ಲೆಕ್ಕದಲ್ಲಿ ಏರಿಸಿಬಿಡುತ್ತದೆ. ಕೇಬಲ್ ಮತ್ತೆ ಚುಚ್ಚಿದಾಗ ದೊಡ್ಡ ಸಂಖ್ಯೆಯದೇ ಗೆಲುವು; ಬೆಂಗಳೂರು ಅಳಿಸಿದ್ದನ್ನು ಹುಬ್ಬಳ್ಳಿ ಮರಳಿ ಬರೆಸಿತು. ಗುಂಪುಗಳ ಸದಸ್ಯತ್ವ ಮಾತ್ರ ಜೊತೆಗೆ ಬರಲಿಲ್ಲ. ಶೇರ್ಡ್ ಫೋಲ್ಡರ್ ತೆರೆಯುತ್ತಿಲ್ಲ ಎಂದು ಬಂದವರನ್ನೆಲ್ಲ ಮತ್ತೆ ಅವರವರ ಗುಂಪಿಗೆ ಸೇರಿಸುತ್ತ ರಾತ್ರಿಯಾಯಿತು.

ಇವತ್ತು ಹಾಗೆ ಮಾಡಬೇಕಾಗಿಲ್ಲ. ವಿಂಡೋಸ್ ಸರ್ವರ್ 2008ರಲ್ಲಿ, ಆಕಸ್ಮಿಕವಾಗಿ ಅಳಿಸದಂತೆ ತಡೆಯುವ ಟಿಕ್ ಬಾಕ್ಸ್ ಬಂತು. 2008 ಆರ್2ನಲ್ಲಿ ರಿಸೈಕಲ್ ಬಿನ್ ಬಂತು. ಅದನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಅಳಿಸಿದ ಖಾತೆ ಗುಂಪುಗಳ ಸಮೇತ ಹಿಂದಿರುಗುತ್ತದೆ. ಶಾಖೆಗಳಿಗೆ ಫೈಬರ್ ಬಂದಿದೆ. ಕಚೇರಿಯಲ್ಲಿ ಬದಲಿಸಿದ ಪಾಸ್‌ವರ್ಡಿನ ಹ್ಯಾಶ್ ಎರಡು ನಿಮಿಷಕ್ಕೊಮ್ಮೆ ಕ್ಲೌಡಿಗೆ, 2023ರಿಂದ ಎಂಟ್ರಾ ಎಂದು ಕರೆಯುವ ಸೇವೆಗೆ, ಹೋಗುತ್ತದೆ. ಇದರಲ್ಲಿ ಯಾವುದನ್ನೂ ಬಿಟ್ಟುಕೊಟ್ಟು ಹಳೆಯದಕ್ಕೆ ಮರಳುವ ಆಸೆ ನನಗಿಲ್ಲ.

ಬದಲಾದದ್ದು ಹೆದರಿಕೆಯ ದಿಕ್ಕು. ಆಗೆಲ್ಲ ಪ್ರಿಂಟರ್ ಕೂಡಿಸಲು ಹೋದ ಹುಡುಗರೂ ಡೊಮೇನ್ ಅಡ್ಮಿನ್ ಖಾತೆಯಲ್ಲೇ ಲಾಗಿನ್ ಆಗುವುದು ಎಲ್ಲ ಕಡೆಯ ವಾಡಿಕೆ. ಆ ಖಾತೆಯ ಗುರುತು ಆ ಪಿಸಿಯ ಮೆಮೊರಿಯಲ್ಲಿ ಉಳಿಯುತ್ತದೆ, ಅಲ್ಲಿಂದ ಎತ್ತಿಕೊಳ್ಳಬಹುದು ಎಂಬುದನ್ನು 2011ರಲ್ಲಿ ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಹೊರತಂದ ಮಿಮಿಕಾಟ್ಜ್ ಎಂಬ ಸಾಧನ ಯಾರಿಗೆ ಬೇಕಾದರೂ ಕಾಣುವಂತೆ ಮಾಡಿತು. ಒಂದು ಪಿಸಿ ಸಿಕ್ಕರೆ ಸಾಕು, ಅಲ್ಲಿಂದ ಇಡೀ ಡೊಮೇನ್.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಹಬ್ಬಿದಾಗ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಗೆ ಆದದ್ದನ್ನು ಮರುವರ್ಷ ವೈರ್ಡ್ ಪತ್ರಿಕೆ ವಿವರವಾಗಿ ಬರೆಯಿತು. ಲೋಕದ ತುಂಬ ಅವರಿಗೆ ಸುಮಾರು 150 ಡೊಮೇನ್ ಕಂಟ್ರೋಲರುಗಳು. ಒಂದರ ಡೇಟಾ ಇನ್ನೊಂದರಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ನಿಂತ ವ್ಯವಸ್ಥೆ. ಎಲ್ಲವೂ ಒಟ್ಟಿಗೆ ಅಳಿಸಿಹೋದವು, ಘಾನಾದ ಒಂದನ್ನು ಬಿಟ್ಟು. ದಾಳಿಗೆ ಮೊದಲು ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ನೆಟ್‌ವರ್ಕಿನಿಂದ ಹೊರಗುಳಿದಿತ್ತು. ಅದರ ಡೇಟಾ ಇಂಗ್ಲೆಂಡಿಗೆ ಕಳಿಸಲು ಲೈನ್ ಸಾಲದೆ, ಘಾನಾದವರಿಗೆ ವೀಸಾ ಇಲ್ಲದೆ, ಒಬ್ಬರು ಹಾರ್ಡ್ ಡ್ರೈವ್ ಹಿಡಿದು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿಟ್ಟರು. ನಾವು ಕೈಬಿಟ್ಟ ರೂಢಿಯನ್ನು ಅಲ್ಲಿ ಕರೆಂಟ್ ತಾನಾಗಿ ಪಾಲಿಸಿತ್ತು. ನನ್ನ ತಂಡದ ಹುಡುಗರಿಗೆಲ್ಲ ನಾನು ಮೊದಲು ಓದಿಸುವುದು ಇದನ್ನೇ.

ಈಗ ನಾನಿರುವ ಕಡೆ ಒಂದು ಡಿಸಿಯ ಬ್ಯಾಕಪ್ ಯಾವ ನೆಟ್‌ವರ್ಕಿಗೂ ತಾಗದೆ ಬೀರುವಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಹೊರಪ್ರಪಂಚದ ಸಂಪರ್ಕವೇ ಇಲ್ಲದ ಸ್ವಿಚ್ಚಿನ ಮೇಲೆ ಎಬ್ಬಿಸುತ್ತೇವೆ. ಐದು ಹೊಣೆಗಳನ್ನೂ ಅದಕ್ಕೇ ವಹಿಸಿ, ಸತ್ತ ಡಿಸಿಗಳ ದಾಖಲೆ ತೆಗೆದುಹಾಕಿ, ಹೊಸ ಖಾತೆಗೆ ಹಳೆಯ ಗುರುತು ಸಂಖ್ಯೆ ಮತ್ತೆ ಬೀಳದಂತೆ ಆ ಎಣಿಕೆಯನ್ನು 1,00,000 ಮುಂದಕ್ಕೆ ದೂಡುತ್ತೇವೆ. ಕೆರ್ಬೆರಾಸ್ ಟಿಕೆಟ್ಟುಗಳಿಗೆ ಮುದ್ರೆ ಒತ್ತುವ ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸುತ್ತೇವೆ, ಏಕೆಂದರೆ ಹಿಂದಿನ ಒಂದನ್ನೂ ಡಿಸಿ ನೆನಪಿಟ್ಟುಕೊಂಡಿರುತ್ತದೆ. ಕೀಬೋರ್ಡಿನ ಮುಂದೆ ಕೂರುವವರು ಆ ಕಪ್ಪು ಪರದೆಯನ್ನು ಅದುವರೆಗೆ ನೋಡಿರದ ಇಬ್ಬರು ಕಿರಿಯರು. ಪ್ರತಿ ಹೆಜ್ಜೆಯೂ ಕಾಗದದ ಮೇಲೆ ಮುದ್ರಿಸಿ ಅವರ ಕೈಯಲ್ಲಿರಬೇಕೆಂದು ಹಟ ಹಿಡಿದು ಮಾಡಿಸಿದ್ದೇನೆ. ಡೊಮೇನ್ ಇಲ್ಲದ ದಿನ, ಆ ಹೆಜ್ಜೆಗಳನ್ನು ಬರೆದಿಟ್ಟ ಫೈಲ್ ಸರ್ವರಿಗೆ ಲಾಗಿನ್ ಆಗುವುದಿಲ್ಲ.