ಯಾವ ಆಕಾರಕ್ಕೆ ಯಾವ ಅಳತೆ?

ತುಡುವೆ ಜೇನಿನ ಮುಂದಿನ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ತೆಳ್ಳನೆಯ ಪೊರೆಯ ಮೇಲೆ ಕಂದು ನರಗಳು ಹರಿದು, ಅಲ್ಲಲ್ಲಿ ಕೂಡಿ, ಮತ್ತೆ ಕವಲೊಡೆಯುತ್ತವೆ. ಜೇನಿನ ತಳಿ ಗುರುತಿಸುವವರು ಈ ಕೂಡುಗಂಟುಗಳಲ್ಲಿ ಸಾಮಾನ್ಯವಾಗಿ 19ನ್ನು ಆರಿಸಿಕೊಳ್ಳುತ್ತಾರೆ. ಕಾಶ್ಮೀರದ ತುಡುವೆ ನಮ್ಮ ಕೊಡಗಿನದಕ್ಕಿಂತ ಮೈಯಲ್ಲಿ ದೊಡ್ಡದು. ಆದರೂ ಅದರ ಒಂದೊಂದು ಗಂಟಿಗೂ ಇದರಲ್ಲಿ ಜೋಡಿ ಸಿಗುತ್ತದೆ. ಜೀವಿಯೇ ಹೀಗೆ ಗುರುತು ಹಾಕಿಕೊಟ್ಟಿರುವಾಗ ಚುಕ್ಕೆಯಿಟ್ಟು ಅಳೆಯುವುದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಚುಕ್ಕೆ ಇಟ್ಟಾದ ಮೇಲೆ ರೆಕ್ಕೆಗಳನ್ನು ಒಂದರ ಮೇಲೊಂದು ಕೂರಿಸಬೇಕು. ಇದಕ್ಕೆ ಪ್ರೊಕ್ರಸ್ಟಿಸ್ ವಿಧಾನವೆಂದು ಹೆಸರು. ಗ್ರೀಕರ ಕಥೆಯಲ್ಲಿ ಆತ ಅತಿಥಿಗಳನ್ನು ಮಂಚದ ಅಳತೆಗೆ ಹಿಡಿದೆಳೆಯುತ್ತಿದ್ದ, ಇಲ್ಲವೆ ಕಾಲು ಕತ್ತರಿಸುತ್ತಿದ್ದ ದರೋಡೆಕೋರ. ವಿಧಾನ ಅಷ್ಟು ಕ್ರೂರವಲ್ಲ. ರೆಕ್ಕೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಇಡಿಯಾಗಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಒಂದು ಮಗ್ಗುಲನ್ನಷ್ಟೇ ಎಳೆಯುವುದಿಲ್ಲ. ಇಷ್ಟಾದರೂ ಉಳಿಯುವ ವ್ಯತ್ಯಾಸವೇ ಆಕಾರದ್ದು.

ಆಕಾರದ ಮಾತು ಬಂದಾಗ ಸ್ಕಾಟ್ಲೆಂಡಿನ ಡಾರ್ಸಿ ಥಾಂಪ್ಸನ್ ನೆನಪಾಗದೆ ಇರುವುದಿಲ್ಲ. 1917ರ ತಮ್ಮ ಪುಸ್ತಕದಲ್ಲಿ ಅವರು ಮುಳ್ಳುಹಂದಿ ಮೀನಿನ ಚಿತ್ರದ ಮೇಲೆ ಚೌಕುಳಿ ಗೆರೆಗಳನ್ನೆಳೆದು, ಆ ಗೆರೆಗಳನ್ನೇ ಬಾಗಿಸಿ ಸೂರ್ಯಮೀನಿನ ರೂಪ ಬರಿಸಿದ್ದರು. ಕಂಪ್ಯೂಟರ್ ಇಲ್ಲದ ಕಾಲದ ಆ ಚಿತ್ರವನ್ನು ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ಅಂಥ ಬಾಗನ್ನು ಲೆಕ್ಕಕ್ಕೆ ತರುವ ಗಣಿತವನ್ನು ಫ್ರೆಡ್ ಬುಕ್‌ಸ್ಟೈನ್ 1989ರಲ್ಲಿ ತೋರಿಸಿಕೊಟ್ಟರು.

ಇನ್ನು ಅರಳಿ ಎಲೆಗೆ ಬನ್ನಿ. ತೊಟ್ಟು ಸೇರುವ ಜಾಗ ಒಂದು, ಉದ್ದನೆಯ ಬಾಲದ ತುದಿ ಇನ್ನೊಂದು; ಅಂಚಿನಲ್ಲಿ ಖಚಿತವಾಗಿ ಬೆರಳಿಡಬಹುದಾದ ಜಾಗ ಇವೆರಡೇ. ನಡುವಿನದೆಲ್ಲ ನುಣುಪು ಬಳುಕು. ಅಲ್ಲಿ ನಾವು ಚುಕ್ಕೆಯಿಟ್ಟರೆ ಅದು ನಮ್ಮ ಚುಕ್ಕೆ, ಎಲೆಯದಲ್ಲ. ಇಲ್ಲಿ ಅಂಚಿನ ಗೆರೆಯನ್ನೇ ಇಡಿಯಾಗಿ ಹಿಡಿದು, ಅದನ್ನು ಹಲವು ದೀರ್ಘವೃತ್ತಗಳ ಮೊತ್ತವಾಗಿ ಕಟ್ಟುವ ಫೂರಿಯೇ ವಿಧಾನ ಒದಗಿಬರುತ್ತದೆ. ಮೊದಲ ದೀರ್ಘವೃತ್ತ ಎಲೆಯ ಉದ್ದಗಲವನ್ನು ಸ್ಥೂಲವಾಗಿ ಹಿಡಿದರೆ, ಮುಂದಿನವು ಒಂದೊಂದಾಗಿ ಸೇರಿ ತಗ್ಗು, ಉಬ್ಬು, ಬಾಲವನ್ನು ಮೂಡಿಸುತ್ತವೆ.

ಬಂಗುಡೆಯಂಥ ಮೀನಿನ ಕಷ್ಟವೇ ಬೇರೆ. ಮೂತಿ, ರೆಕ್ಕೆಗಳ ಬುಡ, ಬಾಲದ ಬುಡ ಎಲ್ಲ ಸ್ಪಷ್ಟ. ಆ ಬಿಂದುಗಳ ನಡುವಿನ ದೂರಗಳನ್ನು ಅಡ್ಡಡ್ಡ ಹೆಣೆದು ಅಳೆಯುವ ಟ್ರಸ್ ಜಾಲವನ್ನು 1982ರಲ್ಲಿ ಸ್ಟ್ರಾಸ್ ಮತ್ತು ಬುಕ್‌ಸ್ಟೈನ್ ಸೂಚಿಸಿದರು. ನಮ್ಮ ಮೀನುಗಾರಿಕಾ ವಿಜ್ಞಾನಿಗಳೂ ಅದನ್ನು ಬಳಸಿದ್ದಾರೆ. ಆದರೆ ಐಸಿನ ಪೆಟ್ಟಿಗೆಯಲ್ಲಿ ಮೈ ಸೊಟ್ಟಗಾದ ಮೀನು, ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ ಮೀನು ಬೇರೆ ಸಂತತಿಯದೇ ಎಂಬಂತೆ ತೋರಬಹುದು. ಅದು ಗಣಿತದ ತಪ್ಪಲ್ಲ.

ಸಂಶೋಧನೆಗೆ ಹೊರಟ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಯಾವ ಸಾಫ್ಟ್‌ವೇರ್ ಎಂದು ಕೇಳುವ ಮುಂಚೆ ಮಾದರಿಯನ್ನು ಕಣ್ತುಂಬ ನೋಡಿ. ಕೆಲವು ಮಾದರಿಗಳಿಗೆ ಇಂದು ಚುಕ್ಕೆಯಿಟ್ಟು, ವಾರ ಬಿಟ್ಟು ಹಳೆಯದನ್ನು ನೋಡದೆ ಮತ್ತೆ ಇಡಿ. ಆ ಎರಡು ಸಲದ ನಡುವಿನ ಅಂತರ ಎರಡು ಊರಿನ ಜೇನುಗಳ ನಡುವಿನ ಅಂತರಕ್ಕಿಂತ ದೊಡ್ಡದಾದರೆ, ಯಾವ ವಿಧಾನವೂ ನಿಮ್ಮ ಕೈ ಹಿಡಿಯುವುದಿಲ್ಲ.